ಐಟಿಆರ್ ಹಾಕೋಕೆ ಸರ್ಕಾರದ ಫ್ರೀ ಪೋರ್ಟಲ್ ಸಾಕಾ, ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಕಾ?

ಜೂನ್ ಬಂತು ಅಂದ್ರೆ ಫೋನ್ ತುಂಬಾ ಟ್ಯಾಕ್ಸ್ ಫೈಲಿಂಗ್ ಆಪ್‌ಗಳ ಜಾಹೀರಾತೇ. ಒಬ್ರು ಫ್ರೀ ಅಂತಾರೆ, ಇನ್ನೊಬ್ರು ಎಕ್ಸ್‌ಪರ್ಟ್ ಮಾಡ್ಕೊಡ್ತಾರೆ ಅಂತಾರೆ, ಮತ್ತೊಬ್ರು ಜಾಸ್ತಿ ರೀಫಂಡ್ ಬರೋ ಹಾಗೆ ಮಾಡ್ತೀವಿ ಅಂತಾರೆ, ಆಫೀಸಲ್ಲಿ ಪಕ್ಕದ ಸೀಟಿನವ್ರದ್ದು ಒಂದು ಸಲಹೆ, ಊರಿಂದ ಅಪ್ಪಂದು "ನಮ್ಮ ಆಡಿಟರ್ ಹತ್ರಾನೇ ಕೊಟ್ಬಿಡು" ಅಂತ ಇನ್ನೊಂದು. ಇಷ್ಟರ ಮಧ್ಯೆ ಇನ್‌ಕಂ ಟ್ಯಾಕ್ಸ್ ಇಲಾಖೆಯದ್ದೇ ಪೋರ್ಟಲ್ ಇದೆ, ಅಲ್ಲಿ ಐಟಿಆರ್, ಅಂದ್ರೆ ಇನ್‌ಕಂ ಟ್ಯಾಕ್ಸ್ ರಿಟರ್ನ್, ಹಾಕೋಕೆ ಒಂದು ರೂಪಾಯಿ ಫೀಸೂ ಇಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಗೊತ್ತಿದ್ರೂ ಏನಾದ್ರೂ ತಪ್ಪಾಗಿ ನೋಟಿಸ್ ಬಂದ್ಬಿಟ್ರೆ ಅನ್ನೋ ಭಯಕ್ಕೆ ಸುಮ್ನೆ ದುಡ್ಡು ಕಟ್ತಾರೆ.

ನಾನು ಪ್ರತಿ ವರ್ಷ ಮನೆಯವ್ರದ್ದು, ನೆಂಟರದ್ದು, ಜೊತೆಗೆ ಕೆಲಸ ಮಾಡೋರದ್ದು ಅಂತ ಒಂದಷ್ಟು ರಿಟರ್ನ್‌ಗಳನ್ನ ಪಕ್ಕದಲ್ಲಿ ಕೂತು ಹಾಕಿಸ್ತೀನಿ. ನನ್ನ ಅಭಿಪ್ರಾಯ ಇಷ್ಟೇ, ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಹುಡುಕೋದನ್ನ ಆಮೇಲೆ ಮಾಡಿ, ಮೊದ್ಲು ನಿಮ್ಮ ಆದಾಯ ಯಾವ್ಯಾವ ಥರದ್ದು ಅಂತ ನೋಡಿ. ಸಂಬಳ ಮತ್ತು ಬ್ಯಾಂಕ್ ಬಡ್ಡಿ ಮಾತ್ರ ಇರೋರು ದುಡ್ಡು ಕೊಡೋ ಅಗತ್ಯಾನೇ ಇಲ್ಲ. ಷೇರು ತುಂಬಾ ಟ್ರೇಡ್ ಮಾಡಿದ್ರೆ ಅಥವಾ ವಿದೇಶಿ ಷೇರು ಇದ್ರೆ ಕೊಟ್ಟ ದುಡ್ಡು ವೇಸ್ಟ್ ಆಗಲ್ಲ, ಆದ್ರೆ ಅಲ್ಲೂ ಯಾವುದಕ್ಕೆ ಕೊಡ್ತಿದೀವಿ ಅಂತ ಗೊತ್ತಿರ್ಬೇಕು.

ಇನ್ನೊಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ನೀವು ಪೋರ್ಟಲ್‌ನಲ್ಲೇ ಹಾಕಿ, ಕ್ಲಿಯರ್‌ಟ್ಯಾಕ್ಸ್, ಕ್ವಿಕೋ, ಟ್ಯಾಕ್ಸ್‌ಬಡ್ಡಿ ಥರದ ಖಾಸಗಿ ಸೈಟಲ್ಲಿ ಹಾಕಿ, ಆಡಿಟರ್ ಆಫೀಸಿಂದ ಹಾಕ್ಸಿ, ಕೊನೆಗೆ ಎಲ್ಲಾ ಹೋಗೋದು ಇಲಾಖೆ ಹೇಳಿರೋ ಒಂದೇ ಮಾದರಿಯ ಜೇಸನ್ ಅನ್ನೋ ಡೇಟಾ ಫೈಲ್ ಆಗಿ, ಪ್ರೊಸೆಸ್ ಆಗೋದು ನಮ್ಮ ಬೆಂಗಳೂರಲ್ಲೇ ಇರೋ ಸಿಪಿಸಿಯಲ್ಲಿ, ಅಂದ್ರೆ ಇಲಾಖೆಯ ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್‌ನಲ್ಲಿ. ದುಡ್ಡು ಕೊಟ್ಟೋರ ರಿಟರ್ನ್‌ಗೆ ಅಲ್ಲಿ ಬೇರೆ ಸಾಲು ಅಂತ ಏನಿಲ್ಲ, ರೀಫಂಡ್ ಬೇಗ ಬರತ್ತೆ ಅಂತಾನೂ ಇಲ್ಲ.

ಸ್ಟೆಪ್ 1: ಆಪ್ ಹುಡುಕೋ ಮುಂಚೆ ಎಐಎಸ್ ತೆಗೀರಿ

ಪೋರ್ಟಲ್‌ಗೆ ಪ್ಯಾನ್ ನಂಬರ್ ಹಾಕಿ ಲಾಗಿನ್ ಆಗಿ ಎಐಎಸ್ (ಆನ್ಯುವಲ್ ಇನ್ಫರ್ಮೇಶನ್ ಸ್ಟೇಟ್‌ಮೆಂಟ್) ಮತ್ತು 26ಎಎಸ್ ಎರಡೂ ಡೌನ್‌ಲೋಡ್ ಮಾಡ್ಕೊಳ್ಳಿ. 26ಎಎಸ್‌ನಲ್ಲಿ ನಿಮ್ಮ ಹೆಸರಲ್ಲಿ ಯಾರ್ಯಾರು ಎಷ್ಟು ಟಿಡಿಎಸ್, ಅಂದ್ರೆ ನಿಮ್ಗೆ ಕೊಡೋ ದುಡ್ಡಲ್ಲಿ ಮೊದಲೇ ಹಿಡಿದ ಟ್ಯಾಕ್ಸ್, ಕಟ್ಟಿದಾರೆ ಅಂತ ಇರತ್ತೆ, ಎಐಎಸ್‌ನಲ್ಲಿ ಅದಕ್ಕಿಂತ ಜಾಸ್ತಿ, ಸೇವಿಂಗ್ಸ್ ಅಕೌಂಟ್ ಬಡ್ಡಿ, ಎಫ್‌ಡಿ ಬಡ್ಡಿ, ಡಿವಿಡೆಂಡ್, ಷೇರು, ಮ್ಯೂಚುವಲ್ ಫಂಡ್ ಮಾರಿದ್ದು, ಸೈಟು ಮನೆ ಖರೀದಿ, ಎಲ್ಲಾ. ಎಐಎಸ್ 2021ರ ನವೆಂಬರ್‌ನಲ್ಲಿ ಬಂದ್ಮೇಲೆ ಈ ಬಡ್ಡಿ ಇಲಾಖೆಗೆ ಎಲ್ಲಿ ಗೊತ್ತಾಗತ್ತೆ ಬಿಡು ಅನ್ನೋ ಕಾಲ ಮುಗೀತು.

ಇದನ್ನ ಏಪ್ರಿಲ್‌ನಲ್ಲೇ ಮಾಡೋಕೆ ಹೋಗ್ಬೇಡಿ, ಅರ್ಧಂಬರ್ಧ ಕಾಣ್ಸತ್ತೆ. ಕೊನೇ ಮೂರು ತಿಂಗಳ ಟಿಡಿಎಸ್ ಲೆಕ್ಕ ಕೊಡೋಕೆ ಕಂಪನಿ, ಬ್ಯಾಂಕುಗಳಿಗೆ ಮೇ 31ರವರೆಗೂ ಟೈಮ್ ಇರತ್ತೆ, ಸಂಬಳ ಮತ್ತು ಟಿಡಿಎಸ್‌ನ ಸರ್ಟಿಫಿಕೇಟ್ ಆದ ಫಾರ್ಮ್ 16 ಕೊಡೋಕೆ ಜೂನ್ 15ರವರೆಗೂ. ಹಾಗಾಗಿ ಜೂನ್ ಎರಡನೇ ಭಾಗದಿಂದ ಜುಲೈ ಮಧ್ಯದ ತನಕ ಒಳ್ಳೇ ಸಮಯ. ಸಂಬಳದವರಿಗೆ ಮಾಮೂಲಿ ಕೊನೇ ದಿನ ಜುಲೈ 31. 2025ರಲ್ಲಿ ಅದನ್ನ ಸೆಪ್ಟೆಂಬರ್ 15ಕ್ಕೆ, ಆಮೇಲೆ ಇನ್ನೊಂದು ದಿನ 16ಕ್ಕೆ ಮುಂದಕ್ಕೆ ಹಾಕಿದ್ರು ನಿಜ, ಆದ್ರೆ ಪ್ರತಿ ವರ್ಷ ಹಾಗೇ ಆಗತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ, ಲೇಟಾದ್ರೆ 5,000 ರೂಪಾಯಿ ಫೀಸ್, ಆದಾಯ 5 ಲಕ್ಷದೊಳಗಿದ್ರೆ 1,000.

ಎಐಎಸ್ ನೋಡ್ಕೊಂಡು ಒಂದು ಹಾಳೆ ಮೇಲೆ ಬರ್ಕೊಳ್ಳಿ: ಸಂಬಳ ಎಷ್ಟು ಕಡೆಯಿಂದ, ಬಡ್ಡಿ ಎಷ್ಟು ಬ್ಯಾಂಕಿಂದ, ಬಾಡಿಗೆ ಬರತ್ತಾ, ಷೇರು ಮಾರಿದೀರಾ, ಇಂಟ್ರಾಡೇ (ಅದೇ ದಿನ ಕೊಂಡು ಮಾರೋದು) ಅಥವಾ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡಿದೀರಾ, ಕ್ರಿಪ್ಟೋ ಇದ್ಯಾ, ಅಮೆರಿಕದ ಕಂಪನಿ ಷೇರು ಇದ್ಯಾ, ತೋಟದ ಆದಾಯ ಇದ್ಯಾ. ಈ ಹಾಳೇನೇ ನಿಮ್ಗೆ ಫ್ರೀ ಸಾಕಾ ದುಡ್ಡು ಬೇಕಾ ಅಂತ ಹೇಳೋದು.

ಸ್ಟೆಪ್ 2: ನಿಮ್ಮ ಫಾರ್ಮ್ ಯಾವುದು ನೋಡಿ

ಐಟಿಆರ್-1, ಅಂದ್ರೆ ಸಹಜ್. ಭಾರತದಲ್ಲೇ ವಾಸ ಇರೋರು, ಆದಾಯ 50 ಲಕ್ಷದೊಳಗೆ, ಸಂಬಳ ಅಥವಾ ಪೆನ್ಷನ್, ಸ್ವಂತ ಮನೆ, ಬ್ಯಾಂಕ್ ಬಡ್ಡಿ, ಇಷ್ಟೇ ಇರೋರಿಗೆ ಇದು. 2025-26ರ ಅಸೆಸ್‌ಮೆಂಟ್ ವರ್ಷದಿಂದ (ಅಂದ್ರೆ 2024-25ರ ಆದಾಯದಿಂದ) ಲಿಸ್ಟೆಡ್ ಷೇರು, ಈಕ್ವಿಟಿ ಫಂಡ್ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಕೊಂಡು ಮಾರಿ ಬಂದ ಲಾಭ, ಅಂದ್ರೆ ಲಾಂಗ್ ಟರ್ಮ್ ಲಾಭ, 1.25 ಲಕ್ಷದೊಳಗಿದ್ರೆ ಅದನ್ನೂ ಇದರಲ್ಲೇ ತೋರಿಸಬಹುದು, ನಷ್ಟ ಮುಂದಿನ ವರ್ಷಕ್ಕೆ ತಗೊಂಡು ಹೋಗೋದಿದ್ರೆ ಮಾತ್ರ ಆಗಲ್ಲ. ಐಟಿಆರ್-1ರವ್ರು ದುಡ್ಡು ಕೊಡ್ಬೇಡಿ. ಪೋರ್ಟಲ್‌ನಲ್ಲಿ ಇ-ಫೈಲ್ ಮೆನುವಿನಲ್ಲಿ ಹೋಗಿ ವರ್ಷ ಆರಿಸಿ ಆನ್‌ಲೈನ್ ಅಂತ ಕೊಟ್ರೆ ಸಂಬಳ, ಟಿಡಿಎಸ್, ಬಡ್ಡಿ ಎಲ್ಲಾ ಅದಾಗೇ ತುಂಬ್ಕೊಂಡು ಬಂದಿರತ್ತೆ, ನಿಮ್ಮ ಕೆಲಸ ಅದನ್ನ ಫಾರ್ಮ್ 16 ಜೊತೆ ಇಟ್ಟು ಒಂದೊಂದೇ ತಾಳೆ ನೋಡಿ ಕನ್ಫರ್ಮ್ ಮಾಡೋದು, ಅಷ್ಟೇ. ಖಾಸಗಿ ಆಪ್ ಕೂಡ ಇದೇ ಡೇಟಾನ ಇಲಾಖೆಯಿಂದಾನೇ ತರ್ಸಿ ನಿಮ್ಗೆ ತೋರ್ಸೋದು, ಸ್ಕ್ರೀನ್ ಸ್ವಲ್ಪ ಚೆನ್ನಾಗಿರತ್ತೆ.

ಹೋದ ವರ್ಷ ನಮ್ಮ ಚಿಕ್ಕಪ್ಪ, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದೋರು, ಪೆನ್ಷನ್ನು ಮತ್ತೆ ಎರಡು ಎಫ್‌ಡಿ ಬಿಟ್ರೆ ಬೇರೇನಿಲ್ಲ, ಫ್ರೀ ಅಂತಿದ್ದ ಒಂದು ಸೈಟಲ್ಲಿ ಎಲ್ಲಾ ತುಂಬ್ಸಿ ಕೊನೆಗೆ ಫೋನ್ ಮಾಡಿದ್ರು, "ಸಬ್ಮಿಟ್ ಒತ್ತಿದ್ರೆ ದುಡ್ಡು ಕೇಳ್ತಿದೆಯಲ್ಲೋ, ಕೊಡ್ಲಾ?" ಅಂತ. "ಬೇಡ ಚಿಕ್ಕಪ್ಪ, ಹಾಗೇ ಕ್ಲೋಸ್ ಮಾಡಿ, ಪೋರ್ಟಲ್ ತೆಗೀರಿ, ನಾನು ಲೈನಲ್ಲೇ ಇರ್ತೀನಿ" ಅಂದೆ, ಟೀ ಕುಡಿಯೋಷ್ಟು ಹೊತ್ತಲ್ಲಿ ಮುಗೀತು. ಬಡ್ಡಿ ಅದಾಗೇ ಬಂದಿತ್ತು, ಹಳೇ ರೆಜಿಮ್‌ನಲ್ಲಿ (ಟ್ಯಾಕ್ಸ್ ಲೆಕ್ಕಕ್ಕೆ ಇರೋ ಹಳೇದು, ಹೊಸದು ಅನ್ನೋ ಎರಡು ಪದ್ಧತಿಗಳಲ್ಲಿ ಹಳೇದು) ಹಿರಿಯರಿಗೆ ಸಿಗೋ 80ಟಿಟಿಬಿ ಮಾತ್ರ, ಅಂದ್ರೆ ಬಡ್ಡಿ ಮೇಲಿನ 50,000 ರೂಪಾಯಿವರೆಗಿನ ವಿನಾಯ್ತಿ, ಅವರೇ ತುಂಬ್ಬೇಕಾಯ್ತು. ಮೇಷ್ಟ್ರು, ಬ್ಯಾಂಕ್, ಕೆಇಬಿ ಅಂತ ರಿಟೈರ್ ಆದ ಎಷ್ಟೋ ಹಿರಿಯರು ಇದೇ ಜಾಗದಲ್ಲಿ ಹೆದರಿ ದುಡ್ಡು ಕಟ್ತಿದಾರೆ, ಮನೇಲಿ ಇಂಥೋರಿದ್ರೆ ದಯವಿಟ್ಟು ಒಂದರ್ಧ ಗಂಟೆ ಪಕ್ಕದಲ್ಲಿ ಕೂತ್ಕೊಳ್ಳಿ. ಪೋರ್ಟಲ್‌ಗೆ ಹೆಲ್ಪ್‌ಲೈನ್ ಇದೆ, 1800 103 0025, ಅದೂ ಫ್ರೀ.

ಐಟಿಆರ್-4, ಸುಗಮ್. ಚಿಕ್ಕ ಅಂಗಡಿಯೋರು, ಫ್ರೀಲಾನ್ಸ್ ಮಾಡೋ ಇಂಜಿನಿಯರ್, ಡಾಕ್ಟರ್, ವಕೀಲರು, ಅಂದಾಜು ಆದಾಯದ ಲೆಕ್ಕದಲ್ಲಿ ಹಾಕೋರಿಗೆ. ಪ್ರೊಫೆಶನಲ್‌ಗಳಿಗೆ 44ಎಡಿಎ ಪ್ರಕಾರ ಬಂದ ಫೀಸಿನ ಅರ್ಧ ಆದಾಯ ಅಂತ ತೋರಿಸಿದ್ರೆ ಸಾಕು, ಖರ್ಚಿನ ಬಿಲ್ ಲೆಕ್ಕ ಬೇಡ, ಮಿತಿ 50 ಲಕ್ಷ, ನಗದು 5 ಪರ್ಸೆಂಟ್ ದಾಟದಿದ್ರೆ 75 ಲಕ್ಷ. ಬೇರೆ ಗೊಂದಲ ಇಲ್ದಿದ್ರೆ ಇದಕ್ಕೂ ಪೋರ್ಟಲ್ ಸಾಕು.

ಐಟಿಆರ್-2 ಮತ್ತು 3ರಲ್ಲೇ ಯೋಚನೆ ಮಾಡ್ಬೇಕಾಗಿರೋದು. ಷೇರು ಲಾಭ ನಷ್ಟ, ವಿದೇಶಿ ಆಸ್ತಿ, ಕಂಪನಿ ಡೈರೆಕ್ಟರ್ ಆಗಿರೋರು, 50 ಲಕ್ಷ ದಾಟಿದೋರು, ಎನ್‌ಆರ್‌ಐಗಳು, ಇವರೆಲ್ಲ 2ಕ್ಕೆ ಬರ್ತಾರೆ. ವ್ಯಾಪಾರ, ಎಫ್ ಅಂಡ್ ಓ, ಇಂಟ್ರಾಡೇ ಇದ್ರೆ 3. ದುಬೈ, ಅಮೆರಿಕದಲ್ಲಿರೋ ನಮ್ಮೋರು ಊರಲ್ಲಿ ಒಂದು ಎನ್‌ಆರ್‌ಓ ಎಫ್‌ಡಿ ಮಾತ್ರ ಇದೆ ಅಂತ ಐಟಿಆರ್-1 ತೆಗೀತಾರೆ, ಅದು ಆಗಲ್ಲ, 2 ಹಾಕ್ಬೇಕು. ಪೋರ್ಟಲ್‌ನಲ್ಲೇ ಹಾಕ್ಬಹುದು, ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲ್ ಚಾಲ್ತಿಯಲ್ಲಿ ಇಟ್ಕೊಳ್ಳಿ, ಇಲ್ಲಾಂದ್ರೆ ವೆರಿಫೈ ಮಾಡೋವಾಗ ಓಟಿಪಿಗೆ ಒದ್ದಾಡ್ಬೇಕಾಗತ್ತೆ.

ಮಲೆನಾಡಿನವರಿಗೆ ಒಂದು ವಿಶೇಷ ಮಾತು. ಕೆಲಸ ಬೆಂಗಳೂರಲ್ಲಿ, ಹೆಸರಲ್ಲಿ ಊರಿನ ಅಡಿಕೆ ತೋಟ ಇರೋರು ತುಂಬಾ ಜನ. ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ತೋರ್ಸದೇನೇ ಬಿಟ್ಟು ಐಟಿಆರ್-1 ಹಾಕ್ಬಿಡ್ತಾರೆ. ಕೃಷಿ ಆದಾಯ 5,000 ರೂಪಾಯಿ ದಾಟಿದ್ರೆ ಐಟಿಆರ್-1 ಬರಲ್ಲ. ಆ ಆದಾಯಕ್ಕೆ ನೇರವಾಗಿ ಟ್ಯಾಕ್ಸ್ ಇಲ್ಲ ನಿಜ, ಆದ್ರೆ ಸಂಬಳದ ಟ್ಯಾಕ್ಸ್ ಲೆಕ್ಕ ಹಾಕೋವಾಗ ರೇಟ್ ನಿರ್ಧಾರಕ್ಕೆ ಅದನ್ನೂ ಸೇರಿಸ್ತಾರೆ. 5 ಲಕ್ಷ ದಾಟಿದ್ರೆ ಜಿಲ್ಲೆ, ಪಿನ್‌ಕೋಡ್, ಜಮೀನು ಎಷ್ಟು, ಸ್ವಂತದ್ದಾ ಗೇಣಿಯದ್ದಾ, ನೀರಾವರಿಯಾ ಮಳೆ ಆಶ್ರಿತನಾ ಅಂತೆಲ್ಲ ಕೇಳತ್ತೆ, ಪಹಣಿ ಪಕ್ಕದಲ್ಲಿ ಇಟ್ಕೊಂಡು ಕೂತ್ರೆ ಪೋರ್ಟಲ್‌ನಲ್ಲೇ ಮುಗಿಯತ್ತೆ. ಯಾವುದಾದ್ರೂ ಆಪ್‌ಗೆ ಹೋಗೋದೇ ಆದ್ರೆ ಕೃಷಿ ಆದಾಯದ ಕಾಲಂ ಎಲ್ಲಿದೆ, ಅದು ಯಾವ ಪ್ಲಾನ್‌ನಲ್ಲಿ ಬರತ್ತೆ ಅಂತ ಮೊದಲೇ ಹುಡುಕಿ ನೋಡಿ.

ಸ್ಟೆಪ್ 3: ದುಡ್ಡು ಕೊಡೋದು ಯಾವ ಕೆಲಸಕ್ಕೆ?

ಪೇಯ್ಡ್ ಪ್ಲಾನ್ ಅನ್ನೋ ಒಂದೇ ಹೆಸರಲ್ಲಿ ಬೇರೆ ಬೇರೆ ಸರಕು ಮಾರ್ತಾರೆ. ಒಂದು ಟೈಪಿಂಗ್ ಉಳ್ಸೋದು, ಅಂದ್ರೆ ಬ್ರೋಕರ್‌ನಿಂದ ಟ್ರೇಡ್‌ಗಳನ್ನ ನೇರವಾಗಿ ಎಳ್ಕೊಂಡು ಬಂದು ಫಾರ್ಮ್ ತುಂಬೋದು. ಇನ್ನೊಂದು ಒಬ್ಬ ಮನುಷ್ಯ ಕೂತು ನಿಮ್ಮ ಲೆಕ್ಕ ನೋಡಿ ಇದು ಸರಿ ಇದು ತಪ್ಪು ಅಂತ ಹೇಳೋದು. ಮೊದಲನೇದು ಸಾಫ್ಟ್‌ವೇರ್ ಮಾಡತ್ತೆ, ಚೆನ್ನಾಗೇ ಮಾಡತ್ತೆ. ಎರಡನೇದನ್ನ ಸಾಫ್ಟ್‌ವೇರ್ ಮಾಡಲ್ಲ, ಎಷ್ಟೇ ದುಬಾರಿ ಆಗಿದ್ರೂ.

ಟೈಪಿಂಗ್ ಯಾಕೆ ಅಷ್ಟು ದೊಡ್ಡ ವಿಷಯ ಅಂತ ಷೇರು ಮಾರಿದೋರಿಗೆ ಗೊತ್ತು. ಎಐಎಸ್‌ನಲ್ಲಿ ಮಾರಿದ ಮೊತ್ತ ಇರತ್ತೆ, ಕೊಂಡ ಬೆಲೆ ಎಷ್ಟೋ ಸಲ ಇರಲ್ಲ ಅಥವಾ ತಪ್ಪಿರತ್ತೆ. ಪೋರ್ಟಲ್‌ನಲ್ಲಿ ಕ್ಯಾಪಿಟಲ್ ಗೇನ್ಸ್ ಶೆಡ್ಯೂಲ್, ಅಂದ್ರೆ ಷೇರು, ಆಸ್ತಿ ಮಾರಿದ ಲಾಭ ತೋರಿಸೋ ಭಾಗ, ತೆಗೆದ್ರೆ ಶಾರ್ಟ್ ಟರ್ಮ್ ಬೇರೆ, ಲಾಂಗ್ ಟರ್ಮ್ ಬೇರೆ, 2018ರ ಜನವರಿ 31ಕ್ಕೆ ಮುಂಚೆ ಕೊಂಡಿದ್ದು ಒಂದೊಂದು ಷೇರು ಬೇರೆ ಬೇರೆಯಾಗಿ, ಆಮೇಲೆ ಕೆಳಗೆ ಒಂದು ಟೇಬಲ್, ಲಾಭ ಯಾವಾಗ ಬಂತು, ಜೂನ್ 15ರೊಳಗಾ, ಸೆಪ್ಟೆಂಬರ್ 15ರೊಳಗಾ, ಡಿಸೆಂಬರ್ 15ರೊಳಗಾ, ಮಾರ್ಚ್ 15ರೊಳಗಾ, ಮಾರ್ಚ್ ಕೊನೇಲಾ ಅಂತ ಐದು ಭಾಗ ಮಾಡಿ ತುಂಬ್ಬೇಕು. ಆ ಟೇಬಲ್‌ನ ಮೊತ್ತ ಮೇಲಿನ ಲಾಭಕ್ಕೆ ತಾಳೆ ಆಗದಿದ್ರೆ ಎರರ್ ತೋರಿಸಿ ಮುಂದಕ್ಕೇ ಬಿಡಲ್ಲ. ನಾಕೈದು ಸಲ ಮಾರಿದೋರು ಇದನ್ನ ಕೈಯಲ್ಲೇ ಮಾಡ್ಬಹುದು. ಬ್ರೋಕರ್ ಕೊಡೋ ಟ್ಯಾಕ್ಸ್ ಪಿ ಅಂಡ್ ಎಲ್ (ಲಾಭ ನಷ್ಟದ) ರಿಪೋರ್ಟ್, ಮ್ಯೂಚುವಲ್ ಫಂಡ್‌ಗಳ ದಾಖಲೆ ಇಡೋ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಕೊಡೋ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ಎರಡೂ ಫ್ರೀ ಸಿಗತ್ತೆ, ಅವನ್ನ ಮುಂದಿಟ್ಕೊಂಡು ಕೂತ್ರೆ ಆಯ್ತು. 2018ರ ಜನವರಿ 31ರ ನಂತರ ಕೊಂಡ ಷೇರುಗಳ ಲಾಂಗ್ ಟರ್ಮ್ ಲಾಭಾನ ಒಟ್ಟಿಗೆ ಒಂದೇ ಸಾಲಲ್ಲಿ ಹಾಕೋಕೂ ಅವಕಾಶ ಇದೆ. ಆದ್ರೆ ಎರಡು ಮೂರು ಬ್ರೋಕರ್, ನೂರಾರು ಟ್ರೇಡ್, ಜೊತೆಗೆ ಎಫ್ ಅಂಡ್ ಓ ಅಂದ್ರೆ ಐಟಿಆರ್-3, ಬ್ಯಾಲೆನ್ಸ್ ಶೀಟು, ಟರ್ನೋವರ್ ಲೆಕ್ಕ, ಅಲ್ಲಿ ಇಂಪೋರ್ಟ್ ಇರೋ ಸಾಫ್ಟ್‌ವೇರ್‌ಗೆ ದುಡ್ಡು ಕೊಡಿ, ಒಂದು ವಾರಾಂತ್ಯಾನೇ ಉಳಿಯತ್ತೆ. ಕೊಡೋ ಮುಂಚೆ ನಿಮ್ಮ ಬ್ರೋಕರ್ ಆ ಸೈಟ್‌ನ ಲಿಸ್ಟಲ್ಲಿ ಇದಾರಾ ನೋಡಿ, ಇಲ್ಲಾಂದ್ರೆ ಎಕ್ಸೆಲ್ ಶೀಟು ಅವರ ಮಾದರಿಗೆ ತಿದ್ದೋದ್ರಲ್ಲೇ ಟೈಮ್ ಹೋಗತ್ತೆ.

ಇನ್ನು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಆರ್‌ಎಸ್‌ಯು, ಅಂದ್ರೆ ಸಂಬಳದ ಜೊತೆ ವಿದೇಶಿ ಮೂಲ ಕಂಪನಿಯ ಷೇರು, ಸಿಗೋರು. ಇವರಿಗೆ ನಾನು ಸಾಫ್ಟ್‌ವೇರ್ ಅಲ್ಲ, ಮನುಷ್ಯರಿಗೆ ದುಡ್ಡು ಕೊಡಿ ಅಂತೀನಿ, ಕೊನೇ ಪಕ್ಷ ಮೊದಲ ವರ್ಷ. ಯಾಕಂದ್ರೆ ವಿದೇಶಿ ಆಸ್ತಿ ತೋರಿಸೋಕೆ ಶೆಡ್ಯೂಲ್ ಎಫ್‌ಎ ಅಂತ ಒಂದಿದೆ, ವಿದೇಶಿ ಷೇರು ಒಂದೇ ಒಂದಿದ್ರೂ, ಮಾರದೇ ಇದ್ರೂ ಅದನ್ನ ತುಂಬ್ಬೇಕು. ಅದರ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್. ಷೇರು ಕೈಗೆ ಬಂದ ದಿನದ ಬೆಲೆ, ವರ್ಷದಲ್ಲಿ ಮುಟ್ಟಿದ ಗರಿಷ್ಠ ಬೆಲೆ, ಡಿಸೆಂಬರ್ 31ರ ಬೆಲೆ, ಎಲ್ಲಾ ಎಸ್‌ಬಿಐ ಟಿಟಿ ಬೈಯಿಂಗ್ ರೇಟಲ್ಲಿ (ಎಸ್‌ಬಿಐ ಡಾಲರ್ ಕೊಳ್ಳೋ ದರ) ರೂಪಾಯಿಗೆ ತಿರುಗಿಸಿ. ಅಮೆರಿಕದಲ್ಲಿ ಡಿವಿಡೆಂಡ್ ಮೇಲೆ ಹಿಡಿದ 25 ಪರ್ಸೆಂಟ್ ಟ್ಯಾಕ್ಸ್‌ಗೆ ಇಲ್ಲಿ ಕ್ರೆಡಿಟ್ ಬೇಕಂದ್ರೆ ಫಾರ್ಮ್ 67 ಬೇರೆ ಹಾಕ್ಬೇಕು. ಮಾರೋವಾಗ ಕೊಂಡ ಬೆಲೆ ಸೊನ್ನೆ ಅಂತ ಹಾಕ್ಬಿಟ್ರೆ ಒಂದೇ ದುಡ್ಡಿಗೆ ಎರಡು ಸಲ ಟ್ಯಾಕ್ಸ್ ಕಟ್ಟಿದ ಹಾಗೆ, ವೆಸ್ಟ್ ಆದ, ಅಂದ್ರೆ ಷೇರು ಕೈಗೆ ಬಂದ, ದಿನದ ಬೆಲೆ ಆಗ್ಲೇ ಸಂಬಳಕ್ಕೆ ಸೇರಿ ಟಿಡಿಎಸ್ ಆಗಿರತ್ತೆ, ಅದೇ ನಿಮ್ಮ ಕೊಂಡ ಬೆಲೆ. ಎಫ್‌ಎ ಬಿಟ್ರೆ ಬ್ಲ್ಯಾಕ್ ಮನಿ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಹಾಕ್ಬಹುದು. 2024ರ ಅಕ್ಟೋಬರ್‌ನಿಂದ ಸ್ಥಿರಾಸ್ತಿ ಬಿಟ್ಟು ಬೇರೆ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗಿದ್ರೆ ಆ ದಂಡದಿಂದ ವಿನಾಯ್ತಿ ಕೊಟ್ಟಿದಾರೆ, ತುಂಬೋ ಜವಾಬ್ದಾರಿಯಿಂದ ಅಲ್ಲ.

ಸ್ಟೆಪ್ 4: ಸಾಫ್ಟ್‌ವೇರ್ ಹಿಡಿಯದ ತಪ್ಪುಗಳು, ಫ್ರೀ ಆದ್ರೂ ಪೇಯ್ಡ್ ಆದ್ರೂ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ವರ್ಷದ ಮಧ್ಯೆ ಕೆಲಸ ಬದಲಾಯಿಸಿದೋರ ಉದಾಹರಣೆ ತಗೊಳ್ಳಿ, 2025-26ರ ಆದಾಯ, ಹೊಸ ರೆಜಿಮ್. ಮೊದಲ ಕಂಪನಿಯಲ್ಲಿ ಆರು ತಿಂಗಳಿಗೆ 6 ಲಕ್ಷ, ಎರಡನೇ ಕಂಪನಿಯಲ್ಲಿ ಆರು ತಿಂಗಳಿಗೆ 7.5 ಲಕ್ಷ. ಮೊದಲನೇ ಕಂಪನಿ ವರ್ಷಕ್ಕೆ 12 ಲಕ್ಷ ಅಂತ ಅಂದಾಜು ಮಾಡಿ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆ ಸಿಗೋ ಕಡಿತ) ಕಳೆದು, 12 ಲಕ್ಷದೊಳಗೆ ರಿಬೇಟ್, ಅಂದ್ರೆ ಟ್ಯಾಕ್ಸ್ ಮಾಫಿ, ಇದೆ ಅಂತ ಟಿಡಿಎಸ್ ಹಿಡಿಯಲ್ಲ. ಎರಡನೇ ಕಂಪನಿಗೆ ನೀವು ಹಳೇ ಸಂಬಳದ ವಿವರ, ಅಂದ್ರೆ ಫಾರ್ಮ್ 12ಬಿ, ಕೊಡದಿದ್ರೆ ಅವರು ಬರೀ 7.5 ಲಕ್ಷ ನೋಡಿ ಮತ್ತೆ 75,000 ಕಳೆದು ಅವರೂ ಹಿಡಿಯಲ್ಲ. ಎರಡೂ ಫಾರ್ಮ್ 16ರಲ್ಲಿ ಟ್ಯಾಕ್ಸ್ ಸೊನ್ನೆ. ಆದ್ರೆ ಒಟ್ಟು 13.5 ಲಕ್ಷ, ಒಂದೇ ಸಲ 75,000 ಕಳೆದ್ರೆ 12.75 ಲಕ್ಷ, ರಿಬೇಟ್ ಹೋಯ್ತು. ಟ್ಯಾಕ್ಸ್ 71,250, ಸೆಸ್ ಸೇರಿ 74,100 ರೂಪಾಯಿ, ಅದರ ಮೇಲೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿಲ್ಲ ಅಂತ ಬಡ್ಡಿ. ಆಪ್‌ಗೆ ಒಂದೇ ಫಾರ್ಮ್ 16 ಅಪ್‌ಲೋಡ್ ಮಾಡಿದ್ರೆ ಅದು ಖುಷಿಯಾಗಿ ಸೊನ್ನೆ ತೋರಿಸತ್ತೆ. ಎರಡೂ ಹಾಕಿದ್ಮೇಲೆ ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ ಸಲ ಕಳೆದಿದೆಯಾ ಅಂತ ನೀವೇ ನೋಡ್ಬೇಕು.

ಎಚ್‌ಆರ್‌ಎ, ಅಂದ್ರೆ ಮನೆ ಬಾಡಿಗೆ ಭತ್ಯೆ, ಇನ್ನೊಂದು. ಹಳೇ ರೆಜಿಮ್‌ನಲ್ಲಿ ಆಪ್ "ಮೆಟ್ರೋ ಸಿಟಿಯಾ?" ಅಂತ ಕೇಳಿದಾಗ ನಮ್ಮ ಮೆಟ್ರೋ ಓಡ್ತಿದೆಯಲ್ಲ ಅಂತ ಬೆಂಗಳೂರಿನವ್ರು ಹೌದು ಒತ್ತಿಬಿಡ್ತಾರೆ. 2025-26ರ ಆದಾಯದ ಮಟ್ಟಿಗೂ ಎಚ್‌ಆರ್‌ಎ ಲೆಕ್ಕದಲ್ಲಿ 50 ಪರ್ಸೆಂಟ್ ಇರೋದು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗೆ ಮಾತ್ರ, ಬೆಂಗಳೂರಿಗೆ 40. ಹೌದು ಅಂದ್ರೆ ಸಾಫ್ಟ್‌ವೇರ್ ನಂಬತ್ತೆ, ನಿಮ್ಮ ವಿನಾಯ್ತಿ ಜಾಸ್ತಿ ತೋರಿಸತ್ತೆ.

ಸರ್ಕಾರದ್ದೇ ಸಾಫ್ಟ್‌ವೇರ್ ಅಂದ್ರೆ ಕಣ್ಮುಚ್ಚಿ ಒಪ್ಕೋಬೇಕು ಅಂತಾನೂ ನಾನು ಹೇಳಲ್ಲ. 2024ರ ಜುಲೈ 5ರಂದು ಇಲಾಖೆ ತನ್ನ ಯುಟಿಲಿಟಿ, ಅಂದ್ರೆ ರಿಟರ್ನ್ ತುಂಬೋ ಸಾಫ್ಟ್‌ವೇರ್, ಬದಲಾಯಿಸ್ತು, ಷೇರಿನ ಶಾರ್ಟ್ ಟರ್ಮ್ ಲಾಭದಂಥ ವಿಶೇಷ ದರದ ಆದಾಯದ ಮೇಲೆ 87ಎ ರಿಬೇಟ್ ಸಿಗೋದು ನಿಂತೋಯ್ತು, ಅದಕ್ಕೆ ಮುಂಚೆ ಹಾಕಿದೋರಿಗೆ ಸಿಕ್ಕಿತ್ತು. ವಿಷಯ ಬಾಂಬೆ ಹೈಕೋರ್ಟ್‌ಗೆ ಹೋಗಿ, ಜನಕ್ಕೆ ರಿಬೇಟ್ ಕೇಳೋ ಅವಕಾಶ ಸಿಗ್ಲಿ ಅಂತ ಲೇಟ್ ಮತ್ತು ರಿವೈಸ್ಡ್ ರಿಟರ್ನ್ ದಿನಾಂಕ 2025ರ ಜನವರಿ 15ರವರೆಗೆ ಮುಂದೆ ಹೋಯ್ತು. ಆಗ ಪೇಯ್ಡ್ ಸೈಟ್‌ನವರೂ ಏನೂ ಮಾಡೋ ಹಾಗಿರ್ಲಿಲ್ಲ, ಅವರೂ ಇಲಾಖೆ ಕೊಟ್ಟ ಮಾದರಿ ಪ್ರಕಾರಾನೇ ಫೈಲ್ ಕಳಿಸ್ಬೇಕು. 2025-26ರ ಆದಾಯದಿಂದ ಕಾನೂನಲ್ಲೇ ಸ್ಪಷ್ಟ ಮಾಡಿದಾರೆ, ವಿಶೇಷ ದರದ ಆದಾಯಕ್ಕೆ ಹೊಸ ರೆಜಿಮ್‌ನ ರಿಬೇಟ್ ಇಲ್ಲ. ಹಾಗಾಗಿ 12 ಲಕ್ಷದೊಳಗಿದೀನಿ, ಟ್ಯಾಕ್ಸ್ ಸೊನ್ನೆ ಅಂತ ಅಂದ್ಕೊಂಡೋರು ಷೇರು ಮಾರಿದ್ರೆ ಇನ್ನೊಂದು ಸಲ ಲೆಕ್ಕ ನೋಡಿ.

ಸ್ಟೆಪ್ 5: ದುಡ್ಡು ಕೊಡೋದೇ ಅಂತಾದ್ರೆ ಮೊದಲೇ ಕೇಳಿ ತಿಳ್ಕೊಳ್ಳಿ

ಬೆಲೆ ಪಟ್ಟಿ ಪೇಜನ್ನ ಡೇಟಾ ತುಂಬೋ ಮುಂಚೆ ಓದಿ. ಫ್ರೀ ಪ್ಲಾನ್ ಅನ್ನೋದು ಬಹಳ ಕಡೆ ಒಂದು ಫಾರ್ಮ್ 16ಕ್ಕೆ ಮಾತ್ರ, ಷೇರು ಸೇರಿಸಿದ ತಕ್ಷಣ ಒಂದು ಬೆಲೆ, ವಿದೇಶಿ ಆದಾಯ ಅಂದ ತಕ್ಷಣ ಇನ್ನೊಂದು, ಜಿಎಸ್‌ಟಿ 18 ಪರ್ಸೆಂಟ್ ಕೊನೆಗೆ. ಎಲ್ಲಾ ತುಂಬ್ಸಿ ಸುಸ್ತಾದ್ಮೇಲೆ ಬೆಲೆ ನೋಡಿದ್ರೆ ಯಾರಾದ್ರೂ ಕೊಟ್ಬಿಡ್ತಾರೆ.

ಎಕ್ಸ್‌ಪರ್ಟ್ ಪ್ಲಾನ್ ಅಂದ್ರೆ ನೇರವಾಗಿ ಕೇಳಿ: ನೋಡೋರು ಸಿಎನಾ, ಅವರ ಜೊತೆ ನಾನು ಮಾತಾಡ್ಬಹುದಾ ಬರೀ ಚಾಟಾ, ಸಬ್ಮಿಟ್ ಮಾಡೋ ಮುಂಚೆ ಲೆಕ್ಕದ ಶೀಟು ನಂಗೆ ತೋರಿಸ್ತಾರಾ, ತಪ್ಪಾದ್ರೆ ರಿವೈಸ್ಡ್ ರಿಟರ್ನ್ ಅದೇ ದುಡ್ಡಲ್ಲಿ ಬರತ್ತಾ, ಆರು ತಿಂಗಳಾದ್ಮೇಲೆ ನೋಟಿಸ್ ಬಂದ್ರೆ ಉತ್ತರ ಬರೆಯೋರು ಯಾರು. ಇದಕ್ಕೆಲ್ಲ ಸರಿಯಾದ ಉತ್ತರ ಸಿಗದಿದ್ರೆ, ಅದೇ ದುಡ್ಡಿಗೋ ಸ್ವಲ್ಪ ಜಾಸ್ತಿಗೋ ನಿಮ್ಮೂರಲ್ಲೇ ಒಬ್ಬ ಆಡಿಟರ್ ಸಿಗ್ತಾರೆ, ಮುಖ ನೋಡಿ ಪ್ರಶ್ನೆ ಕೇಳ್ಬಹುದು, ಮುಂದಿನ ವರ್ಷ ನಿಮ್ಮ ಹಿಂದಿನ ಕಥೆ ಅವರಿಗೆ ಗೊತ್ತಿರತ್ತೆ. ಸೈಟು ಮಾರಿದೋರು, ಪಿತ್ರಾರ್ಜಿತ ಆಸ್ತಿ ಭಾಗ ಆದೋರು, ಆರ್‌ಎಸ್‌ಯು ಇರೋರು, ನೋಟಿಸ್ ಆಗ್ಲೇ ಬಂದಿರೋರು ಆಪ್ ಬಿಟ್ಟು ಆಡಿಟರ್ ಹತ್ರಾನೇ ಹೋಗೋದು ಒಳ್ಳೇದು ಅಂತ ನಂಗನ್ಸತ್ತೆ, ಅಪ್ಪ ಹೇಳೋದು ಇವರ ವಿಷಯದಲ್ಲಿ ಸರಿ. ಆಡಿಟರ್‌ಗಳು ಬಳಸೋ ಸಾಫ್ಟ್‌ವೇರ್ ಬೇರೇನೇ, ನಮ್ಮ ಮಂಗಳೂರಿನ ವಿನ್‌ಮ್ಯಾನ್ ಥರದ್ದು, ಅವು ಆಫೀಸುಗಳಿಗೆ, ಒಂದು ರಿಟರ್ನ್ ಹಾಕೋಕೆ ನಾವು ಕೊಳ್ಳೋ ವಸ್ತು ಅಲ್ಲ.

ಸೈಟು ಇಲಾಖೆಯಲ್ಲಿ ನೋಂದಣಿ ಆಗಿರೋ ಇ-ರಿಟರ್ನ್ ಇಂಟರ್ಮೀಡಿಯರಿ (ನಮ್ಮ ಪರವಾಗಿ ರಿಟರ್ನ್ ಹಾಕೋಕೆ ಅನುಮತಿ ಇರೋ ಸಂಸ್ಥೆ) ಹೌದಾ ಅಂತ ನೋಡಿ. ಹಾಗಿದ್ರೆ ಅವರಿಗೆ ನಿಮ್ಮ ಪೋರ್ಟಲ್ ಪಾಸ್‌ವರ್ಡ್ ಬೇಕಾಗಲ್ಲ, ಓಟಿಪಿ ಮೂಲಕ ಒಪ್ಪಿಗೆ ಕೊಟ್ರೆ ಸಾಕು. ನಿಮ್ಮ ಪ್ಯಾನ್, ಸಂಬಳ, ಬ್ಯಾಂಕ್ ಅಕೌಂಟ್, ಹೂಡಿಕೆ ಎಲ್ಲಾ ಒಂದೇ ಕಡೆ ಕೊಡ್ತಿದೀರ ಅನ್ನೋದು ನೆನಪಿರ್ಲಿ. ಲೋನ್, ಇನ್ಶೂರೆನ್ಸ್, ಹೂಡಿಕೆ ಆಫರ್‌ಗಳಿಗೆ ಒಪ್ಪಿಗೆ ಅಂತ ಮೊದಲೇ ಟಿಕ್ ಆಗಿರೋ ಚೌಕ ಇದ್ರೆ ತೆಗೀರಿ.

ಜಾಸ್ತಿ ರೀಫಂಡ್ ಕೊಡಿಸ್ತೀವಿ, ಬಂದ ರೀಫಂಡ್‌ನಲ್ಲಿ ನಮ್ಗಿಷ್ಟು ಪರ್ಸೆಂಟ್ ಅನ್ನೋರ ಹತ್ರ ಹೋಗ್ಲೇಬೇಡಿ. ರೀಫಂಡ್ ಅಂದ್ರೆ ನೀವು ಜಾಸ್ತಿ ಕಟ್ಟಿದ ನಿಮ್ಮದೇ ದುಡ್ಡು, ಅದು ಲೆಕ್ಕದ ಪ್ರಕಾರ ಎಷ್ಟಿದೆಯೋ ಅಷ್ಟೇ. ಅದಕ್ಕಿಂತ ಜಾಸ್ತಿ ಬರ್ಸೋಕೆ ಇರೋ ದಾರಿ ಸುಳ್ಳು ದೇಣಿಗೆ, ಸುಳ್ಳು ಬಾಡಿಗೆ, ಇಲ್ಲದ ಎಜುಕೇಶನ್ ಲೋನ್ ತೋರಿಸೋದು. 2025ರ ಜುಲೈ 14ರಂದು ಇಂಥ ರಿಟರ್ನ್ ಮಾಡ್ಕೊಡೋರ ಮೇಲೆ ಇಲಾಖೆ ದೇಶದಲ್ಲಿ 150 ಕಡೆ ಶೋಧ ನಡೆಸ್ತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಮ್ಮ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ವಾಪಸ್ ತಗೊಂಡಿದಾರೆ ಅಂತಾನೂ ಹೇಳ್ತು. ಆದಾಯ ತಪ್ಪಾಗಿ ತೋರಿಸಿದ್ರೆ ದಂಡ ಆ ಟ್ಯಾಕ್ಸ್‌ನ 200 ಪರ್ಸೆಂಟ್, ಕಟ್ಟೋದು ಏಜೆಂಟ್ ಅಲ್ಲ, ನೀವು. ಇಂಥೋರು ಪೋರ್ಟಲ್ ಪ್ರೊಫೈಲ್‌ನಲ್ಲಿ ತಮ್ಮದೇ ಮೊಬೈಲ್, ಇಮೇಲ್ ಹಾಕ್ಬಿಡೋದೂ ಉಂಟು, ನೋಟಿಸ್ ಬಂದ್ರೆ ನಿಮ್ಗೆ ಗೊತ್ತೇ ಆಗಲ್ಲ. ಈಗ್ಲೇ ಲಾಗಿನ್ ಆಗಿ ಅಲ್ಲಿರೋ ನಂಬರ್ ನಿಮ್ಮದೇನಾ ನೋಡಿ.

ಸ್ಟೆಪ್ 6: ಸಬ್ಮಿಟ್ ಮಾಡೋ ಮುಂಚೆ ಎರಡು ಕಡೆ ತಾಳೆ ಹಾಕಿ

ಪೇಯ್ಡ್ ಸೈಟಲ್ಲಿ ಲೆಕ್ಕ ಬಂದ್ಮೇಲೆ ಪೋರ್ಟಲ್‌ನ ಇನ್‌ಕಂ ಟ್ಯಾಕ್ಸ್ ಕ್ಯಾಲ್ಕುಲೇಟರ್‌ನಲ್ಲೂ ಅದೇ ಅಂಕಿ ಹಾಕಿ, ಹೊಸದು ಹಳೇದು ಎರಡೂ ರೆಜಿಮ್ ಅಲ್ಲೇ ಹೋಲಿಸಿ ತೋರಿಸತ್ತೆ. ಕೊನೇ ಅಂಕಿ ಬೇರೆ ಬಂದ್ರೆ ಯಾಕೆ ಅಂತ ಹುಡುಕದೇ ಮುಂದೆ ಹೋಗ್ಬೇಡಿ. ಬಹಳ ಸಲ ಕಾರಣ ರೆಜಿಮ್ ಬದಲಾಗಿರೋದು, ಯಾವುದೋ ಬ್ಯಾಂಕ್‌ನ ಬಡ್ಡಿ ಬಿಟ್ಟೋಗಿರೋದು, ಇಲ್ಲಾ ಸ್ಟ್ಯಾಂಡರ್ಡ್ ಡಿಡಕ್ಷನ್. ರೀಫಂಡ್ ಬರೋ ಬ್ಯಾಂಕ್ ಅಕೌಂಟ್ ವ್ಯಾಲಿಡೇಟ್ ಆಗಿದೆಯಾ ಅಂತಾನೂ ಆಗ್ಲೇ ನೋಡಿ.

ಸ್ಟೆಪ್ 7: ಹಾಕಿದ್ಮೇಲೆ

30 ದಿನದೊಳಗೆ ಇ-ವೆರಿಫೈ ಮಾಡ್ಬೇಕು, ಆಧಾರ್ ಓಟಿಪಿ ಸುಲಭ. ಮಾಡದಿದ್ರೆ ಹಾಕಿದ್ರೂ ಹಾಕದ ಹಾಗೇ ಲೆಕ್ಕ, ಸೈಟ್‌ನಲ್ಲಿ ಹಸಿರು ಟಿಕ್ ಬಂತು ಅಂತ ಬಿಟ್ಬಿಡ್ಬೇಡಿ, ಪೋರ್ಟಲ್‌ಗೇ ಹೋಗಿ ಸ್ಟೇಟಸ್ ನೋಡಿ. ಆಮೇಲೆ ಸಿಪಿಸಿಯಿಂದ 143(1) ಇಂಟಿಮೇಶನ್ ಇಮೇಲ್‌ಗೆ ಬರತ್ತೆ, ಅದರಲ್ಲಿ ನೀವು ಹಾಕಿದ ಅಂಕಿ ಒಂದು ಕಡೆ, ಅವರ ಲೆಕ್ಕ ಇನ್ನೊಂದು ಕಡೆ ಇರತ್ತೆ, ಸಾಲು ಸಾಲಾಗಿ ಓದಿ. ರೀಫಂಡ್ ಬೇಕಾ ಈ ಲಿಂಕ್ ಒತ್ತಿ ಅಂತ ಬರೋ ಮೆಸೇಜ್‌ಗಳನ್ನ ಮುಟ್ಟಬೇಡಿ, ರೀಫಂಡ್ ಸೀದಾ ಅಕೌಂಟ್‌ಗೆ ಬರತ್ತೆ.

ಯಾವ ಸೈಟಲ್ಲಿ ಹಾಕಿದ್ರೂ ಜೇಸನ್ ಫೈಲ್, ಫಾರ್ಮ್‌ನ ಪಿಡಿಎಫ್, ಬಂದ ಅಕ್ನಾಲೆಜ್ಮೆಂಟ್, ಕ್ಯಾಪಿಟಲ್ ಗೇನ್ಸ್ ಲೆಕ್ಕದ ಶೀಟು, ನಾಲ್ಕೂ ನಿಮ್ಮ ಕಂಪ್ಯೂಟರ್‌ಗೆ ಇಳಿಸಿ ಇಟ್ಕೊಳ್ಳಿ. ಷೇರಿನ ನಷ್ಟ 8 ವರ್ಷ ಮುಂದಕ್ಕೆ ತಗೊಂಡು ಹೋಗ್ಬಹುದು, ಇಂಟ್ರಾಡೇ ನಷ್ಟ 4 ವರ್ಷ, ಆದ್ರೆ ಟೈಮಿಗೆ ಸರಿಯಾಗಿ ರಿಟರ್ನ್ ಹಾಕಿರ್ಬೇಕು ಮತ್ತು ಪ್ರತಿ ವರ್ಷದ ಅಂಕಿ ಮುಂದಿನ ರಿಟರ್ನ್‌ಗೆ ಸರಿಯಾಗಿ ಇಳೀಬೇಕು. ಸೈಟ್ ಬದಲಾಯಿಸಿದಾಗ ಕಳೆದುಹೋಗೋದು ಇದೇ, ಹೊಸ ಆಪ್‌ಗೆ ನಿಮ್ಮ ಹಳೇ ನಷ್ಟ ಗೊತ್ತಿರಲ್ಲ, ಅದು ಕೇಳೋದೂ ಇಲ್ಲ, ಹಿಂದಿನ ವರ್ಷದ ಪಿಡಿಎಫ್ ತೆಗೆದು ಶೆಡ್ಯೂಲ್ ಸಿಎಫ್‌ಎಲ್ (ಮುಂದಕ್ಕೆ ತಗೊಂಡು ಹೋಗೋ ನಷ್ಟದ ಪಟ್ಟಿ) ನೋಡ್ಕೊಂಡು ನೀವೇ ತುಂಬ್ಬೇಕು.